ನಷ್ಟದಲ್ಲಿರುವುದೆಲ್ಲ ಬಿಳಿಯಾನೆಯಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ, ಹಳ್ಳಿಗಳ ಕಡೆ ಓಡುವ ಬಸ್ಸುಗಳ ಗಳಿಕೆ ಡೀಸೆಲ್ ಖರ್ಚಿಗೂ ಸಾಲುತ್ತಿಲ್ಲವೆಂಬ ವರದಿಯೊಂದು ‘ಬಿಳಿಯಾನೆಯಾದ ಹಳ್ಳಿ ಬಸ್ಸುಗಳು’ ಎಂಬ ತಲೆಬರಹದಡಿ ಪ್ರಕಟವಾಗಿತ್ತು. ಅದಾದ ಕೆಲವೇ ದಿನಗಳಲ್ಲಿ ಓದುಗರ ಪತ್ರಗಳ ಅಂಕಣದಲ್ಲಿ ಒಬ್ಬರು, ಮಕ್ಕಳ ಸಂಖ್ಯೆ ಕಡಿಮೆಯಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳನ್ನು ‘ಸರ್ಕಾರ ಸಾಕುತ್ತಿರುವ ಬಿಳಿಯಾನೆಗಳು’ ಎಂದು ಕರೆದು, ಅವನ್ನು ಮುಚ್ಚಿಬಿಡುವುದೇ ಲೇಸೆಂದು ಬರೆದರು. ವರದಿಯ ಅಂಕಿಅಂಶಗಳ ಬಗೆಗಾಗಲಿ, ಪತ್ರ ಬರೆದವರ ಕಳಕಳಿಯ ಬಗೆಗಾಗಲಿ ನನಗೆ ತಕರಾರಿಲ್ಲ. ಆದರೆ ಬಿಳಿಯಾನೆ ಎಂಬ ಈ ಮಾತನ್ನು ನಮ್ಮ ಪತ್ರಿಕೆಗಳು ಈಚೆಗೆ ಎಲ್ಲೆಂದರಲ್ಲಿ ಬಳಸುತ್ತಿರುವ ರೀತಿ, ಒಂದಕ್ಕೊಂದು ಸಂಬಂಧವಿಲ್ಲದ ಖರ್ಚುಗಳನ್ನೆಲ್ಲ ಒಂದೇ ದೊಡ್ಡಿಗೆ ಕೂಡಿಹಾಕುತ್ತಿದೆ. ಸ್ಥಳೀಯ ಸಂಸ್ಥೆಗಳ ಲೆಕ್ಕಪತ್ರ ತಪಾಸಣೆಯಲ್ಲೇ ಸೇವೆ ಸವೆಸಿದ ನನಗೆ ಈ ಕಲಬೆರಕೆಯಿಂದ ಏನಾಗುತ್ತದೆಂಬುದು ಚೆನ್ನಾಗಿ ಗೊತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾದರೆ ಮನ್ನಿಸಬೇಕು.

ಈ ನುಡಿಗಟ್ಟು ಇಂಗ್ಲಿಷಿನಿಂದ ಬಂದದ್ದೆಂಬುದು ನನ್ನ ಆಕ್ಷೇಪವಲ್ಲ. ಮೊಸಳೆ ಕಣ್ಣೀರು, ಹಸಿರು ನಿಶಾನೆ, ಕೆಂಪುಪಟ್ಟಿ ಮುಂತಾದವು ಕೂಡ ಅದೇ ದಾರಿಯಲ್ಲಿ ಬಂದು ನಮ್ಮಲ್ಲಿ ನೆಲೆಯೂರಿವೆ, ಅವುಗಳ ಮೂಲ ಯಾವುದೆಂದು ಈಗ ಯಾರೂ ಕೇಳುವುದಿಲ್ಲ. ಹೊರಗಿನಿಂದ ಬಂದ ಮಾತು ತನ್ನ ಪೂರ್ತಿ ಅರ್ಥದೊಂದಿಗೆ ಬಂದರೆ ಭಾಷೆಗೆ ಲಾಭವೇ. ಬಿಳಿಯಾನೆಯ ವಿಷಯದಲ್ಲಿ ಹಾಗಾಗದೆ, ಅದರ ಅರ್ಥದ ಮೂರನೆಯ ಒಂದು ಪಾಲು ಮಾತ್ರ ನಮ್ಮ ಕಡೆಗೆ ಬಂದು, ಉಳಿದದ್ದು ದಾರಿಯಲ್ಲೇ ಉದುರಿಹೋಗಿದೆ.

ಇಂಗ್ಲಿಷಿನಲ್ಲಿ ಯಾವುದನ್ನಾದರೂ ಬಿಳಿಯಾನೆ ಎನ್ನಬೇಕಾದರೆ ಅದರಲ್ಲಿ ಮೂರು ಗುಣಗಳು ಒಟ್ಟಿಗೆ ಇರಬೇಕು. ಅದನ್ನು ಇಟ್ಟುಕೊಂಡವನಿಗೆ ಅದರಿಂದ ಹೇಳಿಕೊಳ್ಳುವಂಥ ಉಪಯೋಗವಿರಬಾರದು. ಅದರ ನಿರ್ವಹಣೆಯ ಖರ್ಚು ಒಡೆಯನ ಶಕ್ತಿಯನ್ನು ಮೀರಿರಬೇಕು. ಇವೆರಡಕ್ಕಿಂತ ಮುಖ್ಯವಾಗಿ, ಮಾನ ಮರ್ಯಾದೆಯ ಕಾರಣಕ್ಕೋ ಕಾನೂನಿನ ಕಾರಣಕ್ಕೋ ಅದನ್ನು ಮಾರಲಾಗದೆ, ಕೊಡಲಾಗದೆ, ಬಿಡಲಾಗದೆ ಆತ ಸಿಕ್ಕಿಹಾಕಿಕೊಂಡಿರಬೇಕು. ಬರೀ ದುಬಾರಿಯಾದದ್ದು ಬಿಳಿಯಾನೆಯಾಗುವುದಿಲ್ಲ. ನಿರುಪಯುಕ್ತವಾದರೂ ಖರ್ಚಿಲ್ಲದೆ ಮೂಲೆಯಲ್ಲಿ ಬಿದ್ದಿರುವುದೂ ಆಗುವುದಿಲ್ಲ, ಅದನ್ನು ನಾವು ಗುಜರಿ ಎನ್ನುತ್ತೇವೆ. ನಷ್ಟದಲ್ಲಿದ್ದೂ ಜನರಿಗೆ ಬೇಕಾದ ಸೇವೆ ಕೊಡುತ್ತಿರುವುದಂತೂ ಈ ಮಾತಿನ ಹತ್ತಿರಕ್ಕೂ ಬರುವುದಿಲ್ಲ. ಶ್ರೀಲಂಕಾದ ಹಂಬನ್‌ತೋಟ ಜಿಲ್ಲೆಯ ಮತ್ತಳದಲ್ಲಿ 2013ರಲ್ಲಿ ಉದ್ಘಾಟನೆಯಾದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇದಕ್ಕೆ ಪಠ್ಯಪುಸ್ತಕದಂಥ ಉದಾಹರಣೆ: ವಿಮಾನಗಳು ಬಾರದೆ, ಒಮ್ಮೆ ಅದರ ಸರಕು ಕಟ್ಟಡದಲ್ಲಿ ಭತ್ತ ದಾಸ್ತಾನು ಮಾಡುವ ಮಟ್ಟಕ್ಕೆ ಹೋದರೂ, ಸಾಲ ಮಾಡಿ ಕಟ್ಟಿದ ದೇಶ ಅದನ್ನು ಮುಚ್ಚಲೂ ಆಗದೆ ನಡೆಸಲೂ ಆಗದೆ ಒದ್ದಾಡಿತು. ಕೆನಡಾದ ಮಾಂಟ್ರಿಯಲ್ ನಗರ 1976ರ ಒಲಿಂಪಿಕ್ಸ್‌ಗೆಂದು ಕಟ್ಟಿಸಿದ ಕ್ರೀಡಾಂಗಣದ ಸಾಲ ತೀರಿದ್ದು 2006ರಲ್ಲಿ.

ಇನ್ನು ಈ ಮಾತಿನ ಹಿಂದೆ ಹೇಳಲಾಗುವ ಕಥೆ. ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ ದೊರೆಗೆ ಯಾವನಾದರೂ ಆಸ್ಥಾನಿಕನ ಮೇಲೆ ಮುನಿಸು ಬಂದರೆ, ಅವನಿಗೊಂದು ಬಿಳಿಯಾನೆಯನ್ನು ಬಹುಮಾನವಾಗಿ ಕೊಟ್ಟುಬಿಡುತ್ತಿದ್ದನಂತೆ. ಪವಿತ್ರ ಪ್ರಾಣಿಯಾದ್ದರಿಂದ ಅದರಿಂದ ಮರ ಎಳೆಸುವಂತಿಲ್ಲ, ದೊರೆಯ ಉಡುಗೊರೆಯಾದ್ದರಿಂದ ಮಾರುವಂತಿಲ್ಲ, ಹೊಟ್ಟೆಗೆ ಹಾಕದೆ ಬಿಡುವಂತೆಯೂ ಇಲ್ಲ. ಹೀಗೆ ಆ ಆನೆ ಸಾಕುತ್ತ ಸಾಕುತ್ತ ಆಸ್ಥಾನಿಕ ಮನೆಮಠ ಕಳೆದುಕೊಳ್ಳುತ್ತಿದ್ದನೆಂಬುದು ಇಂಗ್ಲಿಷ್ ನಿಘಂಟುಗಳೂ ಶಾಲಾಪುಸ್ತಕಗಳೂ ಹೇಳಿಕೊಂಡು ಬಂದಿರುವ ಕಥೆ. ಆನೆಯ ಹೊಟ್ಟೆ ಎಷ್ಟು ದೊಡ್ಡದೆಂದು ನಮ್ಮ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗಡಿಯಾಚೆಯ ಕಾಡಿನಿಂದ ಬರುವ ಹಿಂಡು ಒಂದು ರಾತ್ರಿ ರಾಗಿ ಹೊಲಕ್ಕೆ ಇಳಿದರೆ ಬೆಳಿಗ್ಗೆ ಏನು ಉಳಿದಿರುತ್ತದೆಂಬುದನ್ನು ಅವರು ಕಣ್ಣಾರೆ ಕಂಡವರು.

ಕಥೆ ಸೊಗಸಾಗಿದ್ದರೂ ಇತಿಹಾಸ ಅದಕ್ಕೆ ಸಾಕ್ಷಿ ನುಡಿಯುವುದಿಲ್ಲ. ಸಯಾಮಿನಲ್ಲೂ ಬರ್ಮಾದಲ್ಲೂ ಬಿಳಿಯಾನೆ ರಾಜತ್ವದ ಲಾಂಛನವಾಗಿತ್ತು. ಅದನ್ನು ಯಾವ ದೊರೆಯೂ ಸುಮ್ಮಸುಮ್ಮನೆ ಕೈಬಿಡುವ ಮಾತೇ ಇರಲಿಲ್ಲ, ಮುನಿಸಿಗೆ ಗುರಿಯಾದವನಿಗೆ ಕೊಡುವುದಂತೂ ದೂರವೇ ಉಳಿಯಿತು. ಸಯಾಮಿನ ಅಂದಿನ ರಾಜಧಾನಿ ಆಯುತ್ಥಯದ ದೊರೆಯ ಬಳಿಯಿದ್ದ ಬಿಳಿಯಾನೆಗಳಲ್ಲಿ ಎರಡನ್ನು ತನಗೊಪ್ಪಿಸಬೇಕೆಂದು ಬರ್ಮಾದ ದೊರೆ ಬಯಿನ್ನೌಂಗ್ ಕೇಳಿ, ಆತ ಒಲ್ಲೆನೆಂದದ್ದೇ ನೆಪವಾಗಿ 1563ರಲ್ಲಿ ಎರಡು ರಾಜ್ಯಗಳ ನಡುವೆ ಯುದ್ಧವೇ ನಡೆಯಿತು. 1921ರ ಥಾಯ್ ಕಾಯ್ದೆಯ ಪ್ರಕಾರ ಕಾಡಿನಲ್ಲಿ ಯಾರಿಗಾದರೂ ಅಂಥ ಆನೆ ಸಿಕ್ಕರೆ ಅದನ್ನು ರಾಜನಿಗೆ ಒಪ್ಪಿಸಬೇಕು. ಅಂದರೆ ಆನೆ ಪ್ರಜೆಯಿಂದ ದೊರೆಯ ಕಡೆಗೆ ಹೋಗುತ್ತಿತ್ತೇ ಹೊರತು, ದೊರೆಯಿಂದ ಪ್ರಜೆಯ ಕಡೆಗೆ ಬರುತ್ತಿರಲಿಲ್ಲ. ಆ ಆನೆಯ ಬಣ್ಣವೂ ಸುಣ್ಣದಂತೆ ಬಿಳಿಯಲ್ಲ. ಮಾಸಲು ಕೆಂಪು ಛಾಯೆಯ ಚರ್ಮ, ತಿಳಿಬಣ್ಣದ ಕಣ್ಣು, ಉಗುರು, ರೋಮ ಇವನ್ನೆಲ್ಲ ಬಲ್ಲವರು ಪರೀಕ್ಷಿಸಿ ತೀರ್ಮಾನಿಸುತ್ತಾರೆ. 1884ರಲ್ಲಿ ಅಮೆರಿಕದ ಸರ್ಕಸ್ ಮಾಲೀಕ ಬಾರ್ನಮ್ ಬಹಳ ಹಣ ತೆತ್ತು ಬರ್ಮಾದಿಂದ ಒಂದು ಬಿಳಿಯಾನೆ ತರಿಸಿದಾಗ, ಬೂದುಬಣ್ಣದ ಮೈಮೇಲೆ ಅಲ್ಲಲ್ಲಿ ಗುಲಾಬಿ ಮಚ್ಚೆಯಿದ್ದ ಅದನ್ನು ಕಂಡು ಜನ ಮೂಗು ಮುರಿದರು. ಪ್ರತಿಸ್ಪರ್ಧಿ ಕಂಪನಿಯವನು ಮಾಮೂಲಿ ಆನೆಯೊಂದಕ್ಕೆ ಬಿಳಿ ಬಣ್ಣ ಬಳಿದು ತಾನೂ ಮೆರವಣಿಗೆ ಮಾಡಿಸಿದ. ಬಣ್ಣ ಬಳಿದ ಬಿಳಿಯಾನೆಗಳ ಪರಂಪರೆಯೂ ಹಳೆಯದೇ ಎನ್ನಬೇಕು.

ನಮ್ಮವರ ಮನಸ್ಸಿನಲ್ಲಾದರೋ ಬಿಳಿಯಾನೆಯೆಂದರೆ ಐರಾವತ. ಸಮುದ್ರಮಥನದಲ್ಲಿ ಹುಟ್ಟಿ ಇಂದ್ರನ ವಾಹನವಾದದ್ದು. ಕುಂತಿಯ ಗಜಗೌರಿ ವ್ರತಕ್ಕೆಂದು ಅದನ್ನು ಸ್ವರ್ಗದಿಂದಲೇ ಇಳಿಸಿ ತಂದ ಕಥೆಯನ್ನು ನಮ್ಮ ಕಡೆಯ ಹರಿಕಥೆ ದಾಸರು ರಾತ್ರಿಯೆಲ್ಲ ಹೇಳುತ್ತಿದ್ದರು. ಬುದ್ಧನ ತಾಯಿ ಮಾಯಾದೇವಿಯ ಕನಸಿನಲ್ಲಿ ಬಂದದ್ದೂ ಬಿಳಿಯಾನೆಯೇ. ಈ ಗೌರವ ನಮ್ಮಲ್ಲಿ ಎಷ್ಟು ಗಟ್ಟಿಯಾಗಿ ಉಳಿದಿದೆಯೆಂದರೆ, ನಮ್ಮ ರಾಜ್ಯ ರಸ್ತೆ ಸಾರಿಗೆ ನಿಗಮ ತನ್ನ ಹವಾನಿಯಂತ್ರಿತ ವೋಲ್ವೊ ಬಸ್ಸಿಗೆ ಹೆಮ್ಮೆಯಿಂದ ‘ಐರಾವತ’ ಎಂದೇ ಹೆಸರಿಟ್ಟಿದೆ. ದುಬಾರಿ ಬಸ್ಸು ಐರಾವತವೆನಿಸಿಕೊಂಡು ಹೆದ್ದಾರಿಯಲ್ಲಿ ಮೆರೆಯುವಾಗ, ಕೆಂಪು ಬಣ್ಣದ ಸಾದಾ ಬಸ್ಸು ಬಿಳಿಯಾನೆಯೆನಿಸಿಕೊಂಡು ನಿಮ್ಮ ತಲೆಬರಹದಲ್ಲಿ ಬೈಸಿಕೊಳ್ಳುತ್ತಿದೆ!

ಕನ್ನಡದಲ್ಲಿ ಈ ನುಡಿಗಟ್ಟಿನ ಒಂದೊಂದು ಪಾಲನ್ನು ಹೇಳಲು ಬೇಕಾದಷ್ಟು ಮಾತುಗಳಿವೆ. ಬರುವ ಆದಾಯಕ್ಕಿಂತ ನಿರ್ವಹಣೆಯೇ ಹೆಚ್ಚಾದರೆ ‘ಮೂಗಿಗಿಂತ ಮೂಗುತಿ ಭಾರ’ ಎನ್ನುತ್ತೇವೆ. ಸುರಿದ ಹಣವೆಲ್ಲ ವ್ಯರ್ಥವಾದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು ಎನ್ನುತ್ತೇವೆ. ಅಗತ್ಯಕ್ಕೆ ಹೋಲಿಸಿದರೆ ಕೊಟ್ಟ ಅನುದಾನ ಏನೇನೂ ಸಾಲದಿದ್ದರೆ ‘ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ’ ಇದೆ. ಇಟ್ಟುಕೊಳ್ಳಲೂ ಆಗದ, ಬಿಡಲೂ ಆಗದ ಸಂಕಟಕ್ಕೆ ಬಾಯಲ್ಲಿನ ಬಿಸಿತುಪ್ಪ ಉಂಟು. ಇವುಗಳಲ್ಲಿ ಯಾವುದೂ ಬಿಳಿಯಾನೆಗೆ ಪೂರ್ತಿ ಸಮನಲ್ಲ ಎಂಬುದನ್ನು ಒಪ್ಪುತ್ತೇನೆ, ಆ ಕಾರಣಕ್ಕೇ ಹೊರಗಿನ ಮಾತೊಂದು ನಮಗೆ ಬೇಕಾಯಿತು. ಆದರೆ ಮೂಗುತಿಯ ಗಾದೆ ಸಾಕಾಗುವ ಕಡೆಯಲ್ಲೆಲ್ಲ ಬಿಳಿಯಾನೆಯನ್ನು ನುಗ್ಗಿಸುತ್ತ ಹೋದರೆ, ನಿಜವಾದ ಬಿಳಿಯಾನೆ ಎದುರು ಬಂದು ನಿಂತಾಗ ಅದನ್ನು ಕರೆಯಲು ನಮ್ಮಲ್ಲಿ ಮಾತೇ ಇರುವುದಿಲ್ಲ.

ನಿಜವಾದ ಬಿಳಿಯಾನೆ ಹೇಗಿರುತ್ತದೆಂಬುದನ್ನು ನಾನು ತಪಾಸಣೆಗೆ ಹೋಗಿದ್ದ ಪಟ್ಟಣದ ಸ್ಥಳೀಯ ಸಂಸ್ಥೆಯೊಂದರ ಅಂಗಳದಲ್ಲಿ ನೋಡಿದ್ದೇನೆ. ಅದು ರಸ್ತೆ ಗುಡಿಸುವ ದೊಡ್ಡ ಯಂತ್ರ. ಖಾಸಗಿ ಕಂಪನಿಯೊಂದು ತನ್ನ ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ ಕೊಡುಗೆಯಾಗಿ ಕೊಟ್ಟದ್ದು. ಹಸ್ತಾಂತರದ ದಿನ ವೇದಿಕೆ, ಹಾರ, ಫೋಟೊ ಎಲ್ಲ ಆಗಿತ್ತು. ಆ ಊರಿನ ರಸ್ತೆಗಳಲ್ಲಿ ಅರ್ಧಕ್ಕರ್ಧ ಜಲ್ಲಿ ಕಿತ್ತುಬಂದವು, ಉಳಿದವುಗಳ ಅಂಚಿನಲ್ಲಿ ಮಣ್ಣು. ನುಣುಪು ಡಾಂಬರಿನ ಮೇಲೆ ಓಡಲೆಂದು ಮಾಡಿದ ಅದರ ತಿರುಗುವ ಬ್ರಷ್ಷುಗಳು ಕೆಲವೇ ವಾರಗಳಲ್ಲಿ ಸವೆದು ಬೋಳಾದವು. ಹೊಸ ಬ್ರಷ್ಷು ಹೊರರಾಜ್ಯದಿಂದ ಬರಬೇಕು, ಅದರ ಬೆಲೆಗೆ ಒಬ್ಬ ಪೌರಕಾರ್ಮಿಕರ ಹಲವು ತಿಂಗಳ ವೇತನ ಕೊಡಬಹುದು. ಯಂತ್ರ ನಿಂತಲ್ಲೇ ನಿಂತಿತು. ಆದರೂ ವರ್ಷ ವರ್ಷ ವಿಮೆ ಕಟ್ಟಬೇಕು, ವಾಹನದ ಅರ್ಹತಾ ಪತ್ರ (ಎಫ್‌ಸಿ) ಮಾಡಿಸಬೇಕು, ಹೊರಗುತ್ತಿಗೆ ಚಾಲಕನೊಬ್ಬನ ಸಂಬಳ ಅದರ ಲೆಕ್ಕಕ್ಕೇ ಬೀಳಬೇಕು. ‘ಇದನ್ನು ಹರಾಜು ಹಾಕಬಾರದೇಕೆ’ ಎಂದು ನಾನು ಕೇಳಿದ್ದಕ್ಕೆ ಅಲ್ಲಿನ ಮುಖ್ಯ ಗುಮಾಸ್ತರು ಆಸ್ತಿ ವಹಿಯ ಪುಟ ತಿರುವಿ ತೋರಿಸಿದರು: ವಾಹನದ ಆಯುಸ್ಸು ಇನ್ನೂ ಮುಗಿದಿಲ್ಲ, ಅನುಪಯುಕ್ತವೆಂದು ಪ್ರಮಾಣಪತ್ರ ಕೊಡಲು ಯಾವ ಎಂಜಿನಿಯರೂ ಸಿದ್ಧರಿಲ್ಲ, ಕೊಟ್ಟವರು ಬೇಸರ ಮಾಡಿಕೊಂಡರೆ ಮುಂದಿನ ಕೊಡುಗೆ ತಪ್ಪೀತೆಂದು ಸದಸ್ಯರಿಗೆ ಅಂಜಿಕೆ. ಗಾಳಿಯಿಳಿದ ಟೈರುಗಳ ಆ ಯಂತ್ರದ ಮುಂಭಾಗದಲ್ಲಿ ಆಯುಧಪೂಜೆಯ ಕುಂಕುಮದ ಪಟ್ಟೆಗಳು ಒಂದರ ಮೇಲೊಂದು ಕಾಣುತ್ತಿದ್ದವು. ಓಡದ ವಾಹನಕ್ಕೂ ಪೂಜೆಯಂತೂ ತಪ್ಪಿರಲಿಲ್ಲ. ಇದು ಬಿಳಿಯಾನೆ. ದೊಡ್ಡವರು ಕೊಟ್ಟದ್ದು, ಉಪಯೋಗಕ್ಕೆ ಬಾರದ್ದು, ಮೇವು ಬೇಡುವಂಥದ್ದು, ಬಿಡಲು ಬಾರದ್ದು. ಕಥೆಯ ಸಯಾಮಿನ ಆಸ್ಥಾನಿಕನಿಗೂ ಆ ಗುಮಾಸ್ತರಿಗೂ ಏನೇನೂ ವ್ಯತ್ಯಾಸವಿರಲಿಲ್ಲ. ತಪಾಸಣಾ ವರದಿಯಲ್ಲಿ ನಾನು ಬರೆದ ಆಕ್ಷೇಪಣೆಯ ಕಂಡಿಕೆಗೆ (ಪ್ಯಾರಾಕ್ಕೆ) ‘ಪರಿಶೀಲನೆಯಲ್ಲಿದೆ’ ಎಂಬ ಅನುಪಾಲನಾ ವರದಿ ಬಂತು.

ಇದರ ಪಕ್ಕದಲ್ಲಿ ನಿಮ್ಮ ವರದಿಯ ಹಳ್ಳಿ ಬಸ್ಸನ್ನು ಇಟ್ಟು ನೋಡೋಣ. ರಾತ್ರಿ ಊರಿಗೆ ಬಂದು ತಂಗಿ, ನಸುಕಿನಲ್ಲಿ ಹೊರಡುವ ನೈಟ್ ಹಾಲ್ಟ್ ಬಸ್ಸನ್ನು ನಂಬಿಕೊಂಡು ನಮ್ಮ ಜಿಲ್ಲೆಯ ಎಷ್ಟು ಹಳ್ಳಿಗಳು ಬದುಕುತ್ತಿವೆ ಎಂಬುದನ್ನು ನಾನು ಹೊಸದಾಗಿ ಹೇಳಬೇಕಿಲ್ಲ. ಆ ಬಸ್ಸಿನಲ್ಲಿ ಹೂವಿನ ಮೂಟೆ, ಸೊಪ್ಪಿನ ಕಟ್ಟು, ಕೋಲಾರದ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು, ನರಸಾಪುರ ಮತ್ತು ವೇಮಗಲ್‌ನ ಕಾರ್ಖಾನೆಗಳ ಮೊದಲ ಪಾಳಿಗೆ ಹೊರಟವರು, ಡಯಾಲಿಸಿಸ್‌ಗೆಂದು ಜಿಲ್ಲಾಸ್ಪತ್ರೆಗೆ ಹೋಗುವವರು ಇರುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸಾದಾ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ಆ ಬಾಬ್ತು ಸರ್ಕಾರ ನಿಗಮಗಳಿಗೆ ಭರಿಸಬೇಕು. ಹೀಗಿರುವಾಗ ಒಂದು ಮಾರ್ಗದಲ್ಲಿ ಕಿಲೋಮೀಟರಿಗೆ ಬಂದ ನಗದು ಗಳಿಕೆಯನ್ನು ಮಾತ್ರ ಹಿಡಿದುಕೊಂಡು ಆ ಬಸ್ಸನ್ನು ತೂಗುವುದು ಲೆಕ್ಕಶಾಸ್ತ್ರದ ದೃಷ್ಟಿಯಿಂದಲೇ ಸರಿಯಲ್ಲ. ಅದು ನಷ್ಟದ ಮಾರ್ಗ ಹೌದು. ಹಾಗೆಂದೇ ಬರೆಯಿರಿ. ನಷ್ಟ ಎಷ್ಟು, ಅದನ್ನು ಯಾರು ತುಂಬಿಕೊಡಬೇಕಿತ್ತು, ತುಂಬಿಕೊಟ್ಟರೇ ಇಲ್ಲವೇ ಎಂಬ ಪ್ರಶ್ನೆಗಳು ಆಗ ತಾವಾಗಿ ಹುಟ್ಟುತ್ತವೆ. ಬಿಳಿಯಾನೆ ಎಂದು ಬರೆದಾಗ ಹುಟ್ಟುವುದು ಒಂದೇ ಪ್ರಶ್ನೆ, ಇದನ್ನು ಯಾವಾಗ ನಿಲ್ಲಿಸುತ್ತೀರಿ ಎಂಬುದು. ಶಾಲೆಗಳ ವಿಷಯದಲ್ಲೂ ಇದೇ ಮಾತು ಅನ್ವಯಿಸುವುದರಿಂದ ಅದನ್ನು ಬೆಳೆಸಲು ಹೋಗುವುದಿಲ್ಲ. ಐದು ಮಕ್ಕಳಿರುವ ಶಾಲೆಯ ತಲಾ ವೆಚ್ಚ ಹೆಚ್ಚೆಂಬುದು ಲೆಕ್ಕ, ಆ ಐದು ಮಕ್ಕಳಿಗೆ ಅದು ನಿರುಪಯುಕ್ತವೆಂಬುದು ಸುಳ್ಳು.

ಹೆಸರಿಡುವುದರಿಂದ ಏನಾಗುತ್ತದೆಂಬುದನ್ನು ನಮ್ಮ ಕೋಲಾರ ಜಿಲ್ಲೆಯವರು ಉಳಿದವರಿಗಿಂತ ಚೆನ್ನಾಗಿ ಅರಿತಿರಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಆಡಳಿತ ವಹಿಸಿಕೊಂಡಾಗಿನಿಂದ ಆಧುನಿಕ ರೀತಿಯಲ್ಲಿ ಬೆಳೆದ ಕೆಜಿಎಫ್‌ನ ಚಿನ್ನದ ಗಣಿಗಳು, 1956ರಲ್ಲಿ ಮೈಸೂರು ರಾಜ್ಯಕ್ಕೂ 1962ರಲ್ಲಿ ಕೇಂದ್ರಕ್ಕೂ ಸೇರಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆದವು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಆ ಗಣಿಯ ಕೊನೆಯ ವರ್ಷಗಳು ಕಷ್ಟದವೇ. ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಸುರಂಗಗಳು ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದವು. ಅಷ್ಟು ಆಳದಲ್ಲಿ ಬಂಡೆಯೇ ಮುಟ್ಟಲಾಗದಷ್ಟು ಬಿಸಿ, ಜೊತೆಗೆ ಬಂಡೆ ಸಿಡಿಯುವ ಅಪಾಯ. ತಣ್ಣನೆಯ ಗಾಳಿ ಕೆಳಗೆ ಕಳಿಸಬೇಕು, ಒಸರುವ ನೀರನ್ನು ಹಗಲಿರುಳು ಮೇಲಕ್ಕೆ ಎತ್ತಬೇಕು, ಮನುಷ್ಯರನ್ನೂ ಅದಿರನ್ನೂ ಹಂತ ಹಂತವಾಗಿ ಏರಿಸಿ ಇಳಿಸಬೇಕು. ಇಷ್ಟೆಲ್ಲ ಮಾಡಿ ತೆಗೆದ ಅದಿರಿನಲ್ಲಿ ಟನ್ನಿಗೆ ಮೂರು ನಾಲ್ಕು ಗ್ರಾಂ ಆಸುಪಾಸಿನ ಚಿನ್ನ. ತೆಗೆದ ಚಿನ್ನವನ್ನು ಹೊರಗಿನ ಮಾರುಕಟ್ಟೆಗಿಂತ ಕಡಿಮೆ ದರಕ್ಕೆ ಸರ್ಕಾರಕ್ಕೇ ಒಪ್ಪಿಸಬೇಕಾಗಿದ್ದ ಕಾಲವೊಂದಿತ್ತೆಂಬುದನ್ನೂ, ನಷ್ಟದ ಲೆಕ್ಕ ಓದುವವರು ಮರೆಯಬಾರದು. ತೊಂಬತ್ತರ ದಶಕದಲ್ಲಿ ಕಂಪನಿ ರೋಗಗ್ರಸ್ತವೆಂದು ಘೋಷಣೆಯಾಯಿತು. ಆ ದಿನಗಳಲ್ಲಿ ಗಣಿಯನ್ನು ಬಿಳಿಯಾನೆಯೆಂದು ಕರೆದು ಕೈತೊಳೆದುಕೊಂಡವರು ಹಲವರು. 2001ರ ಫೆಬ್ರವರಿ 28ಕ್ಕೆ ಬಾಗಿಲು ಮುಚ್ಚಿತು.

ಆ ಗಣಿ ಬಿಳಿಯಾನೆಯಾಗಿತ್ತೇ? ಮೂಗಿಗಿಂತ ಮೂಗುತಿ ಭಾರವಾಗಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಿರುಪಯುಕ್ತವೆನ್ನಲು ಯಾವ ಆಧಾರ? ಶಿವನಸಮುದ್ರದಿಂದ 1902ರಲ್ಲಿ ಹತ್ತಿರಹತ್ತಿರ ನೂರೈವತ್ತು ಕಿಲೋಮೀಟರ್ ಉದ್ದದ ತಂತಿ ಎಳೆದು ವಿದ್ಯುತ್ ತಂದದ್ದು ಆ ಗಣಿಗಾಗಿ. ಬೇತಮಂಗಲದಿಂದ ಕೊಳವೆಯಲ್ಲಿ ನೀರು ಬಂದದ್ದು ಆ ಗಣಿಗಾಗಿ. ಲೆಕ್ಕಪುಸ್ತಕದಲ್ಲಿ ಬರೀ ಖರ್ಚಾಗಿ ಕಾಣುತ್ತಿದ್ದ ಅದೇ ಆಳದಲ್ಲಿ 1965ರಲ್ಲಿ ವಿಜ್ಞಾನಿಗಳು ವಾಯುಮಂಡಲದಿಂದ ಬರುವ ನ್ಯೂಟ್ರಿನೊ ಕಣಗಳ ಗುರುತು ಹಿಡಿದರು. ಸಾವಿರಾರು ಮನೆಗಳ ಒಲೆ ಉರಿದದ್ದು ಅದರಿಂದಲೇ. ಮುಚ್ಚಿದ ಮೇಲೆ ಆ ಮನೆಗಳ ಮಕ್ಕಳು ಮಾರಿಕುಪ್ಪಂನಿಂದ ಹೊರಡುವ ರೈಲು ಹಿಡಿದು, ನಮ್ಮ ಬಂಗಾರಪೇಟೆಯ ಮೇಲೆ ಹಾದು, ದಿನವೂ ಬೆಂಗಳೂರಿಗೆ ದುಡಿಯಲು ಹೋಗಿ ಬರುತ್ತಿದ್ದಾರೆ. ಬೆಳಗಿನ ಆ ರೈಲಿನಲ್ಲಿ ಬಾಗಿಲಿಗೆ ಜೋತುಬಿದ್ದವರನ್ನು ಕಂಡವರಿಗೆ ಉಳಿತಾಯವಾದದ್ದು ಯಾರಿಗೆ ಎಂಬ ಪ್ರಶ್ನೆ ಏಳದೆ ಇರುವುದಿಲ್ಲ.

ವಿಚಿತ್ರವೆಂದರೆ, ಈ ನುಡಿಗಟ್ಟಿನ ಮೂರೂ ಗುಣಗಳು ಗಣಿಗೆ ಒದಗಿಬಂದದ್ದು ಅದು ಮುಚ್ಚಿದ ಮೇಲೆ. ಪಂಪು ನಿಂತದ್ದೇ ಸುರಂಗಗಳಲ್ಲಿ ನೀರು ತುಂಬಿತು. ಶಾಫ್ಟುಗಳ ಮೇಲಿನ ಉಕ್ಕಿನ ಗೋಪುರಗಳು ತುಕ್ಕು ಹಿಡಿದು ನಿಂತವು, ಅವಕ್ಕೂ ಕಾವಲು ಬೇಕು. ಊರಿನವರು ಸಯನೈಡ್ ಗುಡ್ಡ ಎಂದು ಕರೆಯುವ ತ್ಯಾಜ್ಯದ ದಿಬ್ಬಗಳ ದೂಳು, ಗಾಳಿ ಬೀಸುವ ತಿಂಗಳುಗಳಲ್ಲಿ ಮನೆಯೊಳಗಿನ ಪಾತ್ರೆಗಳ ಮೇಲೂ ಕೂರುತ್ತದೆ. ಕಾರ್ಮಿಕರ ಲೈನ್ ಮನೆಗಳು, ನಿವೇಶನ, ಬಾಕಿ ಹಣದ ವ್ಯಾಜ್ಯಗಳು ವರ್ಷಗಟ್ಟಲೆ ಎಳೆದವು. ಉಪಯೋಗಿಸಲಾಗದ, ಬಿಟ್ಟುಹೋಗಲೂ ಆಗದ ಈ ಆಸ್ತಿಯನ್ನು ಬಿಳಿಯಾನೆ ಎಂದರೆ ನಾನು ಒಪ್ಪುತ್ತೇನೆ. 2001ರ ಆರಂಭದಲ್ಲಿ ಔನ್ಸಿಗೆ 270 ಡಾಲರ್ ಆಸುಪಾಸಿನಲ್ಲಿದ್ದ ಚಿನ್ನದ ಬೆಲೆ ಈಗ ಅದರ ಹತ್ತು ಪಟ್ಟನ್ನೂ ದಾಟಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ಹೊರತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ‘ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ’ ಎಂಬ ನಮ್ಮ ಗಾದೆಗೆ ಇಷ್ಟು ಹತ್ತಿರದ ಉದಾಹರಣೆ ಇನ್ನೆಲ್ಲೂ ಸಿಗಲಾರದು.

ನೀರಾವರಿ ಯೋಜನೆಗಳ ಬಗೆಗೂ ಎರಡು ಮಾತು ಹೇಳಬೇಕು, ಏಕೆಂದರೆ ಬಯಲುಸೀಮೆಯ ನಮ್ಮ ಜಿಲ್ಲೆಗಳಲ್ಲಿ ಈ ಪದ ಅತಿ ಹೆಚ್ಚು ಓಡಾಡುವುದು ಅಲ್ಲಿಯೇ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಪಂಪಿಂಗ್‌ಗೆ ತಗಲುವ ವಿದ್ಯುತ್ ಬಿಲ್ಲನ್ನು ತೋರಿಸಿ ಇದನ್ನೂ ಬಿಳಿಯಾನೆಯೆಂದು ಕರೆದವರಿದ್ದಾರೆ. ದಶಕಗಳಿಂದ ಒಣಗಿದ್ದ ಕೆರೆಗಳು ತುಂಬಿ, ಸುತ್ತಲಿನ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದಿರುವಾಗ ಈ ಮಾತು ನಿಲ್ಲುವುದಿಲ್ಲ. ಈ ಯೋಜನೆಯ ಮೇಲಿನ ನ್ಯಾಯವಾದ ದೂರು ಬೇರೆಯೇ ಇದೆ: ನೀರು ಮೂರನೆಯ ಹಂತದಲ್ಲೂ ಸಂಸ್ಕರಣೆಯಾಗಬೇಕು, ಅಂತರ್ಜಲಕ್ಕೆ ಏನು ಸೇರುತ್ತಿದೆಯೆಂಬುದನ್ನು ಸತತವಾಗಿ ಪರೀಕ್ಷಿಸಿ ಜನರ ಮುಂದಿಡಬೇಕು ಎಂಬುದು. ಖರ್ಚಿನ ಆನೆಯನ್ನು ಮುಂದೆ ತಂದು ನಿಲ್ಲಿಸಿದರೆ ಗುಣಮಟ್ಟದ ಈ ದೂರು ಅದರ ಹಿಂದೆ ಮರೆಯಾಗುತ್ತದೆ. ಅಧಿಕಾರಿಗಳಿಗೆ ಅದು ಅನುಕೂಲವೇ ಆಗಬಹುದು, ಕುಡಿಯುವವರಿಗೆ ಆಗುವುದಿಲ್ಲ.

ಪಶ್ಚಿಮ ಘಟ್ಟದ ಹೊಳೆಗಳ ನೀರನ್ನು ಬಯಲುಸೀಮೆಗೆ ತಿರುಗಿಸುವ ಎತ್ತಿನಹೊಳೆಯ ಮಾತು ಇನ್ನಷ್ಟು ನಾಜೂಕಿನದು. 2012ರಲ್ಲಿ 8,323 ಕೋಟಿ ರೂಪಾಯಿಗೆ ಮಂಜೂರಾಗಿದ್ದ ಯೋಜನೆಯ ಅಂದಾಜು, ಪರಿಷ್ಕರಣೆಯ ಮೇಲೆ ಪರಿಷ್ಕರಣೆಯಾಗಿ 23,251 ಕೋಟಿ ರೂಪಾಯಿಗೆ ಮುಟ್ಟಿದೆ. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಬಳಿ ಮೊದಲ ಹಂತದ ಪಂಪುಗಳಿಗೆ ಚಾಲನೆ ಸಿಕ್ಕಿತು. ಯೋಜನೆ ನೆಚ್ಚಿಕೊಂಡಿರುವುದು 24 ಟಿಎಂಸಿ ನೀರನ್ನು, ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ಅಧ್ಯಯನ ಮಾಡಿ ಅಂದಾಜಿಸಿದ್ದು 10 ಟಿಎಂಸಿಗಿಂತಲೂ ಕಡಿಮೆ. ಹೀಗಿರುವಾಗ ಅದನ್ನು ಇಂದೇ ಬಿಳಿಯಾನೆ ಎನ್ನುವುದೂ, ವೇದಿಕೆಗಳ ಮೇಲಿಂದ ಭಗೀರಥ ಪ್ರಯತ್ನವೆಂದು ಹೊಗಳುವುದೂ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆಯೇ. ನೀರು ಬಂದರೆ ಅದು ದುಬಾರಿ ನೀರಾವರಿಯಾಗುತ್ತದೆ, ಅಷ್ಟೆ. ನೀರಿನ ಲೆಕ್ಕ ತಪ್ಪಿದ್ದೇ ಆದರೆ, ಅಷ್ಟುದ್ದದ ಕಾಲುವೆ, ಪಂಪ್‌ಹೌಸ್, ಜಲಾಶಯಗಳು ವರ್ಷ ವರ್ಷ ಮೇವು ಕೇಳುತ್ತ, ಸುರಿದ ಸಾವಿರಾರು ಕೋಟಿಯ ಮುಖ ನೋಡಿ ಯಾವ ಸರ್ಕಾರವೂ ಬಿಡಲಾರದೆ, ಈ ನುಡಿಗಟ್ಟಿನ ಅರ್ಥವನ್ನು ಮುಂದಿನ ತಲೆಮಾರಿಗೆ ತಾವೇ ವಿವರಿಸಿ ಹೇಳುತ್ತವೆ. ಆ ದಿನಕ್ಕೆಂದಾದರೂ ಈ ಪದವನ್ನು ಸವೆಯಗೊಡದೆ ಇಟ್ಟುಕೊಳ್ಳಬೇಕೆಂಬುದು ನನ್ನ ಕೋರಿಕೆ.

ಸ್ಥಳೀಯ ಸಂಸ್ಥೆಗಳ ಆಯವ್ಯಯದ ಹೊತ್ತಿಗೆ ಮತ್ತೆ ಈ ಮಾತು ಪುಟಪುಟಗಳಲ್ಲೂ ಬರುತ್ತದೆಂದು ಬಲ್ಲೆ. ಆಗ ನಿಮ್ಮ ವರದಿಗಾರರು ಯಾವುದಾದರೂ ಕಟ್ಟಡವನ್ನೋ ಯಂತ್ರವನ್ನೋ ಸೇವೆಯನ್ನೋ ಬಿಳಿಯಾನೆ ಎಂದು ಬರೆಯುವ ಮೊದಲು, ಅದು ಆಸ್ತಿ ವಹಿಗೆ ಯಾವ ಮೂಲದಿಂದ ಬಂತು, ಕಳೆದ ವರ್ಷ ಅದರ ನಿರ್ವಹಣೆಗೆ ಎಷ್ಟು ಹೋಯಿತು, ಅದನ್ನು ಬಳಸಿದವರು ಯಾರು, ವಿಲೇವಾರಿಗೆ ಅಡ್ಡಿಯಾಗಿರುವುದು ಯಾವ ನಿಯಮ ಎಂಬುದನ್ನು ಕೇಳಿ ಬರೆಯಲಿ. ಇವೆಲ್ಲವೂ ಮಾಹಿತಿ ಹಕ್ಕಿನಡಿ ಯಾರಿಗಾದರೂ ಸಿಗುವ ವಿವರಗಳು. ಅನುಪಾಲನೆಯಾಗದೆ ಉಳಿದ ಲೆಕ್ಕಪರಿಶೋಧನಾ ಕಂಡಿಕೆಗಳ ಪಟ್ಟಿಯನ್ನು ಕೇಳಿದರೆ ನಿಜವಾದ ಬಿಳಿಯಾನೆಗಳು ಹಲವು ಅದರಲ್ಲೇ ಸಿಕ್ಕುತ್ತವೆ. ಹಳ್ಳಿ ಬಸ್ಸುಗಳ ವರದಿಯನ್ನು ಮುಂದುವರಿಸುವುದಾದರೆ, ಶಕ್ತಿ ಯೋಜನೆಯ ಬಾಬ್ತು ನಮ್ಮ ವಿಭಾಗಕ್ಕೆ ಬರಬೇಕಾದ ಹಣವೆಷ್ಟು, ಬಂದದ್ದೆಷ್ಟು ಎಂಬುದನ್ನೂ ಸೇರಿಸಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಲೆಕ್ಕಪರಿಶೋಧನಾ ಅಧಿಕಾರಿ,
ಬಂಗಾರಪೇಟೆ, ಕೋಲಾರ ಜಿಲ್ಲೆ